ದೂರದ ಪಯಣಕ್ಕೆ ಕಾರು ಗೊತ್ತುಮಾಡುವ ಮುನ್ನ ಚಾಲಕರ ನಿದ್ದೆಯ ಲೆಕ್ಕ ಹಾಕಿ

ಹುಬ್ಬಳ್ಳಿ ಕಡೆಯಿಂದ ಬೆಂಗಳೂರಿಗೆ ಹೋಗುವ ರಾತ್ರಿ ರೈಲುಗಳಲ್ಲಿ ಹಲವು ಅರಸೀಕೆರೆ ಜಂಕ್ಷನ್ ಮುಟ್ಟುವುದು ನಡುರಾತ್ರಿ ಕಳೆದ ಮೇಲೆ. ಆ ಹೊತ್ತಿನಲ್ಲಿ ನಿಮಗಾಗಿ ಹೊರಗೆ ಕಾದಿರುವ ಬಾಡಿಗೆ ಕಾರಿನ ಚಾಲಕ ಆ ರಾತ್ರಿ ಸರಿಯಾಗಿ ಮಲಗಿರುವುದಿಲ್ಲ. ಅಲ್ಲಿಂದ ಹಳೇಬೀಡು, ಬೇಲೂರು ನೋಡಿಕೊಂಡು ಅದೇ ಸಂಜೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳದಲ್ಲಿ ತಂಗುವ ಯೋಜನೆ ಹಾಕಿಕೊಂಡು ಬರುವ ಕುಟುಂಬಗಳು ಕಡಿಮೆಯೇನಲ್ಲ. ಘಾಟಿಯ ತಿರುವುಗಳಿಗೆ ಬರುವ ವೇಳೆಗೆ ಚಾಲಕ ಹದಿನೈದು ಗಂಟೆಗೂ ಮಿಕ್ಕಿ ಎಚ್ಚರವಿದ್ದಿರುತ್ತಾರೆ. ಕಿಲೋಮೀಟರಿಗೆ ಒಂದು ರೂಪಾಯಿ ಇಳಿಸಲು ಅಷ್ಟೊಂದು ಚೌಕಾಶಿ ಮಾಡುವ ನಾವು, ಅವರು ಎಲ್ಲಿ ಮಲಗುತ್ತಾರೆ, ಎಷ್ಟು ಹೊತ್ತು ಮಲಗುತ್ತಾರೆ ಎಂದು ಕೇಳುವುದಿಲ್ಲ. ಮಾತು ಶುರುವಾಗಬೇಕಾದ್ದೇ ಅಲ್ಲಿಂದ.

ಗಾಡಿ ಎಲ್ಲಿಯದು?

ಬೆಂಗಳೂರಿನಿಂದಲೇ ಕಾರು ಮಾಡಿಕೊಂಡು ಬರುವುದು ಬಹಳ ಜನರ ರೂಢಿ. ನನ್ನ ಸಲಹೆ: ಅರಸೀಕೆರೆವರೆಗೆ ರೈಲಿನಲ್ಲಿ ಬನ್ನಿ, ಅಲ್ಲೇ ಅಥವಾ ಹಾಸನದಲ್ಲಿ ಗಾಡಿ ಗೊತ್ತುಮಾಡಿ. ಬಾಡಿಗೆಯ ಕಿಲೋಮೀಟರ್ ಲೆಕ್ಕ ನೀವು ಹತ್ತಿದ ಜಾಗದಿಂದಲ್ಲ, ಸಾಮಾನ್ಯವಾಗಿ ಗಾಡಿ ಶೆಡ್ ಬಿಟ್ಟಲ್ಲಿಂದ ಮತ್ತೆ ಶೆಡ್ ಸೇರುವವರೆಗೆ. ಬಿಟ್ಟು ಹೋಗುವ ಪಯಣವಾದರೆ ವಾಪಸ್ ಖಾಲಿ ಓಟದ ಹಣವೂ ನಿಮ್ಮದೇ. ಸ್ಥಳೀಯ ಚಾಲಕರಿಗೆ ಬಾಣಾವರ, ಜಾವಗಲ್ ಮೇಲಿನ ರಸ್ತೆಯ ಗುಂಡಿಗಳೂ ಗೊತ್ತು, ಮಳೆಗಾಲದಲ್ಲಿ ಘಾಟಿ ತೆರೆದಿದೆಯೋ ಇಲ್ಲವೋ ಎಂದು ಯಾರಿಗೆ ಫೋನು ಮಾಡಬೇಕೆಂಬುದೂ ಗೊತ್ತು. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಬಂದ್ ಆಗಿದ್ದನ್ನು ಈ ಕಡೆಯವರು ಮರೆತಿಲ್ಲ.

ಬೋರ್ಡು, ಕಾಗದಪತ್ರ

ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರವಿದ್ದರೆ ಅದು ಬಾಡಿಗೆ ಗಾಡಿ. ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರವಿದ್ದರೆ ನೀವೇ ಓಡಿಸಿಕೊಳ್ಳಲು ಕೊಡುವಂಥದ್ದು. 'ನಮ್ಮವರದೇ ಗಾಡಿ, ಕಡಿಮೆಗೆ ಬರುತ್ತೆ' ಎಂದು ಬಿಳಿ ಬೋರ್ಡಿನ ಕಾರು ತಂದರೆ ದಯವಿಟ್ಟು ಹತ್ತಬೇಡಿ. ಸ್ವಂತ ಬಳಕೆಗೆಂದು ಮಾಡಿಸಿದ ವಿಮೆ ಬಾಡಿಗೆ ಓಟಕ್ಕೆ ಅನ್ವಯಿಸುವುದಿಲ್ಲ. ಅಪಘಾತವಾದರೆ ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆಯಬೇಕಾದೀತು.

ಗಾಡಿಯ ನಂಬರನ್ನು ಹಿಂದಿನ ದಿನವೇ ಕೇಳಿ ಪಡೆದು ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿ. ವಿಮೆ, ಎಫ್‌ಸಿ (ಗಾಡಿಯ ಸುಸ್ಥಿತಿ ಪ್ರಮಾಣಪತ್ರ) ಯಾವಾಗ ಮುಗಿಯುತ್ತವೆ ಎಂಬುದು ಅಲ್ಲೇ ಸಿಗುತ್ತದೆ. ಕೇರಳ, ತಮಿಳುನಾಡಿಗೆ ಮುಂದುವರಿಯುವುದಾದರೆ ಆಲ್ ಇಂಡಿಯಾ ಪರ್ಮಿಟ್ ಇದೆಯೇ, ಇಲ್ಲದಿದ್ದರೆ ಆ ರಾಜ್ಯದ ತೆರಿಗೆ ಕಟ್ಟುವವರು ಯಾರು ಎಂಬುದು ಮೊದಲೇ ಇತ್ಯರ್ಥವಾಗಲಿ. ಸೀಟಿಗಿಂತ ಹೆಚ್ಚು ಜನ ಬೇಡ. ಮೂರನೇ ಸಾಲಿನಲ್ಲೂ ಜನ ಕೂತರೆ ಲಗೇಜಿಗೆ ಜಾಗವೇ ಉಳಿಯುವುದಿಲ್ಲ, ಕ್ಯಾರಿಯರ್ ಇರುವ ಗಾಡಿ ಕೇಳಿ.

ದುಡ್ಡಿನ ಮಾತು

ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಎಂಬ ಷರತ್ತು ಇದ್ದೇ ಇರುತ್ತದೆ. ಅರಸೀಕೆರೆಯಿಂದ ಹಳೇಬೀಡು ನಲವತ್ತು ಚಿಲ್ಲರೆ ಕಿ.ಮೀ., ಅಲ್ಲಿಂದ ಬೇಲೂರು 16. ಮರುದಿನ ಘಾಟಿ ಇಳಿದು ಧರ್ಮಸ್ಥಳ ಸೇರಿದರೂ ವಾಪಸ್ ಓಟ ಬಿಟ್ಟರೆ ಎರಡು ದಿನದ ಓಟ 200 ದಾಟುವುದಿಲ್ಲ. ಆದರೆ ಕಿಲೋಮೀಟರಿಗೆ 14 ರೂಪಾಯಿ, ದಿನಕ್ಕೆ ಕನಿಷ್ಠ 300 ಎಂದಿಟ್ಟುಕೊಂಡರೆ ನೀವು ಕೊಡುವುದು 600 ಕಿ.ಮೀ. ಲೆಕ್ಕದಲ್ಲಿ 8,400 ರೂಪಾಯಿ! ಹಾಗಾಗಿ ಎರಡು ಪ್ರಶ್ನೆ ಕೇಳಿ. ಕನಿಷ್ಠ ಕಿಲೋಮೀಟರನ್ನು ದಿನದಿನಕ್ಕೆ ಲೆಕ್ಕ ಹಾಕುತ್ತೀರೋ ಅಥವಾ ಇಡೀ ಟ್ರಿಪ್ಪಿಗೆ ಒಟ್ಟು ಮಾಡುತ್ತೀರೋ? ಒಟ್ಟು ಮಾಡುವುದಾದರೆ ಕಡಿಮೆ ಓಡಿದ ದಿನದ ಉಳಿಕೆ ದೂರ ಓಡಿದ ದಿನಕ್ಕೆ ಬರುತ್ತದೆ. ದಿನ ಎಂದರೆ 24 ಗಂಟೆಯೋ, ರಾತ್ರಿ ಹನ್ನೆರಡಕ್ಕೆ ಮುಗಿಯುವ ತಾರೀಖೋ? ತಾರೀಖಾದರೆ, ರಾತ್ರಿ ಹನ್ನೊಂದೂವರೆಗೆ ಗಾಡಿ ಹತ್ತಿದವರಿಗೆ ಅರ್ಧ ಗಂಟೆಗೇ ಒಂದು ದಿನದ ಬಾಡಿಗೆ ಬೀಳುತ್ತದೆ.

ಟೋಲ್, ಪಾರ್ಕಿಂಗ್, ಚಾಲಕರ ಬಾಟಾ, ರಾತ್ರಿ ಬಾಟಾ, ಇವು ಬೇರೆ. ಎಲ್ಲವನ್ನೂ ಒಂದು ವಾಟ್ಸ್‌ಆ್ಯಪ್ ಸಂದೇಶದಲ್ಲಿ ಬರೆಸಿಕೊಂಡರೆ ಸಾಕು, ಮುದ್ರಾಂಕ ಪತ್ರವೇನೂ ಬೇಡ. ಹೊರಡುವಾಗ ಮೀಟರ್ ರೀಡಿಂಗಿನ ಫೋಟೊ ತೆಗೆದಿಟ್ಟುಕೊಳ್ಳಿ.

ಚಾಲಕರ ದಿನಚರಿ

ಮೋಟಾರು ಸಾರಿಗೆ ಕೆಲಸಗಾರರಿಗೆ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆ ಮೀರುವ ಮುನ್ನ ಕನಿಷ್ಠ ಅರ್ಧ ಗಂಟೆ ವಿರಾಮ ಎಂದು 1961ರ ಕಾಯ್ದೆಯೇ ಹೇಳಿತ್ತು. ಒಂದೇ ಕಾರು ಇಟ್ಟುಕೊಂಡು ತಾವೇ ಓಡಿಸುವವರಿಗೆ ಅದು ತಟ್ಟುತ್ತಿರಲಿಲ್ಲ. ನಮ್ಮ ಊರುಗಳಲ್ಲಿ ಹೆಚ್ಚಿನವರು ಅಂಥವರೇ, ಹಾಗಾಗಿ ಆ ಮಿತಿಯನ್ನು ನಾವೇ ಪಾಲಿಸಬೇಕು.

ನಸುಕಿನ ರೈಲಿಗೆ ಬರುವುದಾದರೆ ಬೆಳಗಾಗುವವರೆಗೆ ಅರಸೀಕೆರೆಯಲ್ಲೇ ಕೊಠಡಿ ಹಿಡಿಯಿರಿ, ಗಾಡಿಯನ್ನು ಎಂಟಕ್ಕೆ ಬರಹೇಳಿ. 1220ರ ಸುಮಾರಿನ ಈಶ್ವರ ದೇವಾಲಯ ಊರಲ್ಲೇ ಇದೆ. ಅದರ ನಕ್ಷತ್ರಾಕಾರದ ಮುಖಮಂಟಪವನ್ನು ನೋಡದೆ ಬೇಲೂರಿಗೆ ಓಡುವುದು ನಷ್ಟ. ಹಳೇಬೀಡಿನಲ್ಲಿ ಹೊಯ್ಸಳೇಶ್ವರ, ಕೇದಾರೇಶ್ವರ, ಬಸದಿಗಳು ಸೇರಿ ಮೂರು ತಾಸು ಬೇಕು. ಅಲ್ಲಿನ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಆ ಮೂರು ತಾಸು ಚಾಲಕರಿಗೆ ನೆರಳಲ್ಲಿ ಮಲಗುವ ಹೊತ್ತು, ಫೋನು ಮಾಡಿ ಎಬ್ಬಿಸಬೇಡಿ. ವಿಗ್ರಹಗಳ ಕಥೆ ಕೇಳಲು ದೇವಾಲಯದ ಬಾಗಿಲಲ್ಲಿ ಪರವಾನಗಿ ಪಡೆದ ಗೈಡುಗಳಿದ್ದಾರೆ.

ರಾತ್ರಿ ಬೇಲೂರಿನಲ್ಲೇ ಉಳಿಯಿರಿ. ಲಾಡ್ಜಿನವರನ್ನು ಕೇಳಬೇಕಾದ ಮಾತು: ಚಾಲಕರಿಗೆ ಮಂಚ, ಸ್ನಾನಕ್ಕೆ ಜಾಗ ಇದೆಯೇ? ಇಲ್ಲವೆಂದರೆ ಒಂದು ಸಣ್ಣ ಕೊಠಡಿ ಹಿಡಿದುಕೊಡಿ. ಗಾಜು ಏರಿಸಿ, ಎಂಜಿನ್ ಚಾಲೂ ಇಟ್ಟು ಎ.ಸಿ.ಯಲ್ಲಿ ಮಲಗುವುದು ಪ್ರಾಣಕ್ಕೇ ಅಪಾಯ, ಹೊಗೆಯ ಕಾರ್ಬನ್ ಮಾನಾಕ್ಸೈಡ್ ಒಳಸೇರಿದರೆ ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಬೆಳಿಗ್ಗೆ ಚೆನ್ನಕೇಶವನ ದರ್ಶನ ಮುಗಿಸಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಹಗಲು ಬೆಳಕಿನಲ್ಲಿ ಘಾಟಿ ಇಳಿಯಿರಿ.

ಶಬರಿಮಲೆಯಂಥ ದೂರಕ್ಕಾದರೆ ಇಬ್ಬರು ಚಾಲಕರು ಬೇಕು. ಮಂಡಲದ ದಿನಗಳಲ್ಲಿ ಒಂದು ತಂಡ ಇಳಿಸಿದ ಗಾಡಿ ಮತ್ತೊಂದನ್ನು ಹತ್ತಿಸಿಕೊಂಡು ಹೊರಡುವುದುಂಟು. ಹಿಂದಿನ ಟ್ರಿಪ್ ಯಾವತ್ತು ಮುಗಿಯಿತು ಎಂದು ನೇರವಾಗಿ ಕೇಳಿ.

ಸ್ವಂತ ಕಾರಿಗೆ ಆಕ್ಟಿಂಗ್ ಡ್ರೈವರ್

ನಿಮ್ಮ ಕಾರು ಓಡಿಸಲು ಚಾಲಕರನ್ನಷ್ಟೇ ಗೊತ್ತುಮಾಡುವುದಾದರೆ ಅವರ ಪರವಾನಗಿ ನೋಡಿ, ನಿಮ್ಮ ಕಾರಿನಲ್ಲೇ ಒಂದು ಸುತ್ತು ಓಡಿಸಿ ನೋಡಿ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿ ಎಂಜಿನ್ ಹಿಡಿತದಲ್ಲಿ ಇಳಿಸುತ್ತಾರೋ, ಬ್ರೇಕನ್ನೇ ನಂಬುತ್ತಾರೋ ಗಮನಿಸಿ. ಬ್ರೇಕ್ ಕಾದು ಹೋದರೆ ಘಾಟಿಯಲ್ಲಿ ಅದು ಹಿಡಿಯುವುದಿಲ್ಲ. ವಿಮೆಯಲ್ಲಿ ಸಂಬಳದ ಚಾಲಕರ ಹೊಣೆಯ ಸೇರ್ಪಡೆ ಇದೆಯೇ ಪರಿಶೀಲಿಸಿ, ಅದರ ಪ್ರೀಮಿಯಂ ತೀರಾ ಚಿಕ್ಕದು.

ಕೊನೆಗೆ, ಇಳಿಯುವ ಜಾಗದಲ್ಲಿ ಮೀಟರಿನ ಎರಡನೇ ಫೋಟೊ ತೆಗೆದು, ವಾಪಸ್ ಓಟ ಸೇರಿಸಿ ಇಬ್ಬರೂ ಕೂತು ಲೆಕ್ಕ ಮಾಡಿ. ಬಾಟಾವನ್ನು ಮಾಲೀಕರ ಖಾತೆಗೆ ಹಾಕದೆ ಚಾಲಕರ ಕೈಗೇ ಕೊಡಿ. ಇಳಿದದ್ದು ಸಂಜೆ ಮೇಲಾದರೆ, ಅವರು ಅಲ್ಲೇ ಮಲಗಿ ಬೆಳಿಗ್ಗೆ ಹೊರಡಲು ಆ ರಾತ್ರಿಯ ಕೊಠಡಿ ಬಾಡಿಗೆಯೂ ನಿಮ್ಮ ಲೆಕ್ಕದಲ್ಲಿರಲಿ.