ಕೋಳಿಗೆ ಕುಡಿಸಿದ ಔಷಧಿ ಎಲ್ಲಿಗೆ ಹೋಗುತ್ತದೆ?

ನಮ್ಮದು ಭದ್ರಾವತಿ ತಾಲೂಕಿನಲ್ಲಿ ಚಾನಲ್ ನೀರು ಹತ್ತದ ಖುಷ್ಕಿ ಜಮೀನು. ಈ ಕಡೆ ಬೆಳೆಯುವ ಮೆಕ್ಕೆಜೋಳ ಕೋಳಿ ಆಹಾರಕ್ಕೆ ಹೋಗುತ್ತದೆ. ಕೋಳಿ ಗೊಬ್ಬರ ಲೋಡುಗಟ್ಟಲೆ ನಮ್ಮ ಹೊಲಕ್ಕೇ ವಾಪಸ್ ಬರುತ್ತದೆ. ಭಾನುವಾರ ಶಿವಮೊಗ್ಗ, ಭದ್ರಾವತಿಯ ಕೋಳಿ ಅಂಗಡಿ ಮುಂದೆ ನಿಲ್ಲುವವರಲ್ಲಿ ನಾವೂ ಇರುತ್ತೇವೆ. ಹಾಗಾಗಿ ಶೆಡ್ಡಿನೊಳಗೆ ಏನು ಕುಡಿಸುತ್ತಾರೆ ಅನ್ನೋದು ಫಾರಂನವರಿಗೆ ಮಾತ್ರ ಬಿಟ್ಟ ವಿಷಯವಲ್ಲ.

ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ರಾಣಿಖೇತ್, ಗುಂಬೊರೊ ವೈರಸ್ ರೋಗಗಳು. ಅವಕ್ಕೆ ಲಸಿಕೆಯೇ ದಾರಿ, ಈ ಔಷಧಿ ನಾಟುವುದಿಲ್ಲ. ಆದರೂ ಕೋಳಿ ತೂಕಡಿಸಿದರೆ ಸಾಕು, ನೀರಿಗೆ ಪುಡಿ ಬೆರೆಸುವವರಿದ್ದಾರೆ. ರೋಗವೇ ಇಲ್ಲದ ಕೋಳಿಗೂ ಬೇಗ ತೂಕ ಬರಲಿ ಅಂತ ದಿನಾ ಚೂರು ಚೂರು ಕೊಡುವ ರೂಢಿ ಇನ್ನೂ ಕೆಟ್ಟದ್ದು.

ಹತ್ತಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1987ರಲ್ಲಿ ಆಂಧ್ರದ ಹತ್ತಿ ಸೀಮೆಯಲ್ಲಿ ಪೈರೆಥ್ರಾಯ್ಡ್ ಔಷಧಿಗೆ ಕಾಯಿಕೊರಕ ಸಾಯಲೇ ಇಲ್ಲ. ಹೊಡೆದೂ ಹೊಡೆದೂ, ತಡೆದುಕೊಂಡ ಹುಳದ ಸಂತತಿಯೇ ಉಳಿದಿತ್ತು. ಬ್ಯಾಕ್ಟೀರಿಯಾದ್ದೂ ಅದೇ ಕಥೆ, ಓಟ ಮಾತ್ರ ಜೋರು. ಕೋಳಿ ಕರುಳಿನ ಇ-ಕೋಲೈ ಅನುಕೂಲ ಸಿಕ್ಕರೆ 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ಲೆಕ್ಕ ಹಾಕಿ, ಹತ್ತು ಗಂಟೆಗೆ ನೂರು ಕೋಟಿ ದಾಟುತ್ತದೆ. ಹುಳಕ್ಕಿಲ್ಲದ ಇನ್ನೊಂದು ವಿದ್ಯೆ ಇದಕ್ಕಿದೆ. ಔಷಧಿ ತಡೆಯುವ ಗುಣವನ್ನು ಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತದೆ, ನಾವು ಪಕ್ಕದ ಮನೆಗೆ ಬಿತ್ತನೆ ಬೀಜ ಕೊಟ್ಟ ಹಾಗೆ.

ಕೊಲಿಸ್ಟಿನ್ ಅಂತ ಒಂದು ಔಷಧಿ. ಬೇರೆ ಯಾವುದೂ ನಾಟದೆ ಹೋದಾಗ ದೊಡ್ಡಾಸ್ಪತ್ರೆಯ ಡಾಕ್ಟ್ರು ಕೊನೆಗೆ ಕೈ ಹಾಕುವುದು ಇದಕ್ಕೆ. ಅದನ್ನೇ ಫಾರಂಗಳಲ್ಲಿ ಕೋಳಿ ತೂಕಕ್ಕೂ ಬಳಸುತ್ತಿದ್ದರು. ಕೊಲಿಸ್ಟಿನ್ ತಡೆಯುವ, ಒಂದರಿಂದ ಒಂದಕ್ಕೆ ದಾಟುವ ಗುಣ ಹಂದಿ, ಕೋಳಿ ಮಾಂಸದ ಬ್ಯಾಕ್ಟೀರಿಯಾದಲ್ಲೂ ರೋಗಿಗಳಲ್ಲೂ ಇದೆ ಅಂತ 2015ರಲ್ಲಿ ಚೀನಾದಿಂದ ವರದಿ ಬಂತು. 2019ರ ಜುಲೈನಲ್ಲಿ ಕೇಂದ್ರ ಸರಕಾರ ಕೋಳಿಗೂ ಅದರ ಆಹಾರಕ್ಕೂ ಕೊಲಿಸ್ಟಿನ್ ನಿಷೇಧಿಸಿತು. ಒಳ್ಳೆಯ ಕೆಲಸ. ಆದರೆ ಮನುಷ್ಯರಿಗೆ ಬೇಕಾದ ಬೇರೆ ಔಷಧಿಗಳೂ ಶೆಡ್ಡಿನಲ್ಲಿ ಬಳಕೆಯಾಗುತ್ತವೆ.

ಇನ್ನೊಂದು ಕಾನೂನು 2012ರದ್ದು. ಕೊನೆಯ ಸಲ ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಬಿಟ್ಟು ಮಾರಬೇಕು ಅಂತ ಡಬ್ಬಿ ಮೇಲೆ ಬರೆದಿರಬೇಕು. ಆ ಔಷಧಿಗೆ ಅವಧಿ ಗೊತ್ತುಮಾಡಿಲ್ಲದಿದ್ದರೆ ಮೊಟ್ಟೆಗೆ 7 ದಿನ, ಮಾಂಸಕ್ಕೆ 28 ದಿನ ಕಮ್ಮಿಯಿಲ್ಲದಂತೆ ಕಾಯಬೇಕು. ಇಲ್ಲೇ ಕಷ್ಟ ಇರೋದು. ಬ್ರಾಯ್ಲರ್ 42 ದಿನಕ್ಕೆ ಮಾರಾಟಕ್ಕೆ ಬರುತ್ತದೆ. 30ನೇ ದಿನ ಅಂಥ ಔಷಧಿ ಕೊಟ್ಟರೆ 58ನೇ ದಿನದವರೆಗೆ ಇಟ್ಟುಕೊಳ್ಳಬೇಕು. ಹದಿನಾರು ದಿನ ಜಾಸ್ತಿ. ದಿನಕ್ಕೆ 150 ಗ್ರಾಂ ಹಿಡಿದರೂ ಸಾವಿರ ಕೋಳಿಗೆ 24 ಕ್ವಿಂಟಾಲ್ ಆಹಾರ. ಕಂಪನಿಯವರಿಗೆ ಸಾಕಿಕೊಡುವ ರೈತನಿಗಂತೂ ಕೋಳಿ ಎತ್ತುವ ದಿನ ಅವನ ಕೈಲಿಲ್ಲ. ಅವನನ್ನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಆದರೂ ಡಬ್ಬಿ ಮೇಲಿನ ದಿನ ಓದಿಸಿಕೊಳ್ಳುವುದು, ಔಷಧಿ ಕೊಟ್ಟ ತಾರೀಕು ಬರೆದಿಡುವುದು ಅವನ ಕೈಲಿದೆ. ಕೋಳಿ ಸತ್ತರೆ ಮೆಡಿಕಲ್ ಷಾಪಿಗೆ ಓಡುವ ಬದಲು ಸತ್ತ ಕೋಳಿಯನ್ನು ಪಶುವೈದ್ಯರಿಗೆ ತೋರಿಸಿ, ಕೊಯ್ದು ನೋಡಿಸಬೇಕು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ.

ಹೆಂಗಸರು ಕೇಳುವುದು, ಕೋಳಿ ತಿನ್ನೋದೇ ಬಿಡಬೇಕಾ ಅಂತ. ಬೇಡ. ಚೆನ್ನಾಗಿ ಬೆಂದರೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾವೂ ಸಾಯುತ್ತದೆ. ಅಪಾಯ ಹಸಿ ಮಾಂಸ ಮುಟ್ಟಿದ ಕೈಯಲ್ಲಿ, ಅದೇ ಈಳಿಗೆಯಲ್ಲಿ ಹೆಚ್ಚುವ ಸೌತೆಕಾಯಿ, ಈರುಳ್ಳಿಯಲ್ಲಿ. ಎರಡನ್ನೂ ಸೋಪು ಹಾಕಿ ತೊಳೆದ ಮೇಲೆ ಮುಂದಿನ ಕೆಲಸ.

ಇನ್ನು ಗೊಬ್ಬರ. ಕೋಳಿ ತಿಂದ ಔಷಧಿಯ ಒಂದು ಪಾಲು ಹಿಕ್ಕೆಯಲ್ಲೇ ಹೊರಗೆ ಬರುತ್ತದೆ, ಬ್ಯಾಕ್ಟೀರಿಯಾವೂ ಜೊತೆಗೆ. ಲೋಡು ಬಂದ ಕೂಡಲೇ ಹೊಲಕ್ಕೆ ಎರಚುವುದನ್ನು ನಾನು ಒಪ್ಪುವುದಿಲ್ಲ. ಬಾವಿ, ಹಳ್ಳದಿಂದ ದೂರ ರಾಶಿ ಹಾಕಿ, ಹಿಂಡಿದರೆ ಮುದ್ದೆಯಾಗಿ ನೀರು ಸೋರದಷ್ಟು ಹದಕ್ಕೆ ನೀರು ಚಿಮುಕಿಸುತ್ತೇನೆ. ಒಂದು ಕಬ್ಬಿಣದ ಸಲಾಕೆ ಚುಚ್ಚಿಟ್ಟು ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ಕೈಯಲ್ಲಿ ಹಿಡಿಯಲಾಗದಷ್ಟು ಕಾದಿರಬೇಕು. ಒಳಗೆ 55 ಡಿಗ್ರಿ ಮೇಲೆ ಕೆಲವು ದಿನ ನಿಂತರೆ ಬಹಳಷ್ಟು ರೋಗಾಣು ಸಾಯುತ್ತವೆ. ಕಾವು ಇಳಿದಾಗ ಹೊರಗಿನದು ಒಳಗೆ ಬರುವಂತೆ ತಿರುವಿ ಹಾಕಬೇಕು, ಮತ್ತೆ ಕಾಯುತ್ತದೆ. ಔಷಧಿಯ ಅಂಶ ಪೂರ್ತಿ ಹೋಗುತ್ತದೆ ಅನ್ನುವ ಭರವಸೆ ಇಲ್ಲ. ಅದಕ್ಕೇ ಈ ಗೊಬ್ಬರ ನಮ್ಮಲ್ಲಿ ಮೆಕ್ಕೆಜೋಳಕ್ಕೆ ಮಾತ್ರ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ ಮಡಿಗೆ ಕೊಟ್ಟಿಗೆ ಗೊಬ್ಬರ, ಅದೂ ಚೆನ್ನಾಗಿ ಕಳಿತದ್ದು.