ಬಹುಮತವೆಂದರೆ ಎಷ್ಟು? – ಕ್ಯಾಲಿಫೋರ್ನಿಯ ಸೆನೆಟ್ಟಿನ ಮತದಾನ ಕ್ರಮ

‘ಬಹುಮತ’ ಎಂಬ ಮಾತನ್ನು ನಾವು ಕಾಲೇಜು ಸಂಘದ ಚುನಾವಣೆಯಿಂದ ಹಿಡಿದು ಲೋಕಸಭೆಯವರೆಗೆ ಎಲ್ಲ ಕಡೆಯಲ್ಲಿಯೂ ಸಲೀಸಾಗಿ ಬಳಸುತ್ತೇವೆ. ಆದರೆ ಯಾವ ಎಣಿಕೆಯಲ್ಲಿ ಬಹುಮತ ಎಂದು ಯಾರಾದರೂ ಕೇಳಿದರೆ ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಾದ ನಾವೂ ತಡವರಿಸುತ್ತೇವೆ. ಹಾಜರಿದ್ದು ಮತ ಕೊಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯೋ, ಸಭೆಯ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯೋ? ಇದು ಬರಿಯ ಲೆಕ್ಕದ ತಕರಾರೆಂದು ತೋರಬಹುದು. ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ರಾಜ್ಯದ ಸೆನೆಟ್ಟಿನ ನಡವಳಿಕೆಯನ್ನು ನೋಡಿದರೆ ಈ ತಕರಾರಿನಲ್ಲಿ ಎಷ್ಟು ತೂಕವಿದೆಯೆಂಬುದು ತಿಳಿಯುತ್ತದೆ.

ಅಲ್ಲಿಯ ಶಾಸನಾಂಗಕ್ಕೆ ಎರಡು ಸದನಗಳು. ಕೆಳಮನೆಯಾದ ಅಸೆಂಬ್ಲಿಯಲ್ಲಿ ೮೦ ಸದಸ್ಯರು. ಮೇಲ್ಮನೆಯಾದ ಸೆನೆಟ್ಟಿನಲ್ಲಿ ೪೦ ಸದಸ್ಯರು. (ನೆಬ್ರಾಸ್ಕ ಒಂದನ್ನು ಬಿಟ್ಟರೆ ಅಮೆರಿಕದ ರಾಜ್ಯಗಳಿಗೆಲ್ಲ ಎರಡೆರಡು ಸದನಗಳುಂಟು.) ಸೆನೆಟರುಗಳನ್ನು ನಮ್ಮ ವಿಧಾನ ಪರಿಷತ್ತಿನಂತೆ ಪದವೀಧರರು, ಶಿಕ್ಷಕರು, ಸ್ಥಳೀಯ ಸಂಸ್ಥೆಗಳು ಎಂದು ಬೇರೆ ಬೇರೆ ವರ್ಗಗಳು ಆರಿಸುವುದಿಲ್ಲ, ಜನರೇ ನೇರವಾಗಿ ನಾಲ್ಕು ವರ್ಷಗಳ ಅವಧಿಗೆ ಆರಿಸುತ್ತಾರೆ. ಒಂದು ಕಾಲದಲ್ಲಿ ಈ ಆಯ್ಕೆ ಜಿಲ್ಲೆಗಳ ಲೆಕ್ಕದಲ್ಲಿ ನಡೆಯುತ್ತಿತ್ತು. ಆಗ ಅರವತ್ತು ಲಕ್ಷ ಜನರಿದ್ದ ಲಾಸ್ ಏಂಜಲೀಸ್ ಜಿಲ್ಲೆಗೆ ಒಬ್ಬನೇ ಸೆನೆಟರು. ಹದಿನಾಲ್ಕು ಸಾವಿರದಷ್ಟು ಜನರಿದ್ದ ಮೂರು ಬೆಟ್ಟದ ಜಿಲ್ಲೆಗಳಿಗೆ ಸೇರಿಯೂ ಒಬ್ಬ ಸೆನೆಟರು! ೧೯೬೪ರಲ್ಲಿ ರೆನಾಲ್ಡ್ಸ್ ಮತ್ತು ಸಿಮ್ಸ್ ಎಂಬ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ರಾಜ್ಯದ ಎರಡು ಸದನಗಳೂ ಜನಸಂಖ್ಯೆಗೆ ತಕ್ಕಂತೆ ರಚಿತವಾಗಬೇಕೆಂದು ತೀರ್ಪಿತ್ತ ಮೇಲೆ ಈ ವಿಪರೀತ ನಿಂತಿತು.

ಇನ್ನು ಮಸೂದೆಯ ವಿಷಯ. ಸಮಿತಿಗಳಲ್ಲಿ ಪರಿಶೀಲನೆಯಾದ ಮೇಲೆ ಮಸೂದೆ ಸಭೆಯ ಮುಂದೆ ಬರುತ್ತದೆ. ಪ್ರತಿಯೊಂದು ಸದನದಲ್ಲಿಯೂ ಅದರ ಶೀರ್ಷಿಕೆಯನ್ನು ಮೂರು ಬೇರೆ ಬೇರೆ ದಿನ ಓದಬೇಕು. ಅಧಿವೇಶನದ ಕಡೆಯ ರಾತ್ರಿ ಮಸೂದೆಯ ಹೊಟ್ಟೆಯೊಳಗಿನದನ್ನೆಲ್ಲ ತೆಗೆದು ಬೇರೇನನ್ನೋ ತುಂಬಿ, ಯಾರೂ ಓದುವ ಮೊದಲೇ ಅಂಗೀಕಾರ ಪಡೆಯುವ ಕೈಚಳಕ ಅಲ್ಲಿ ಬಹುದಿನ ನಡೆಯುತ್ತಿತ್ತು. ೨೦೧೬ರಲ್ಲಿ ಜನರು ರಾಜ್ಯಾಂಗಕ್ಕೆ ತಿದ್ದುಪಡಿ ಮಾಡಿ, ಮಸೂದೆಯ ಅಂತಿಮ ರೂಪವು ಮತಕ್ಕೆ ಮುನ್ನ ೭೨ ಗಂಟೆಗಳ ಕಾಲ ಅಂತರ್ಜಾಲದಲ್ಲಿ ಪ್ರಕಟವಾಗಿರಬೇಕೆಂದು ಗೊತ್ತುಮಾಡಿದರು.

ಅಸೆಂಬ್ಲಿಯಲ್ಲಿ ಗುಂಡಿ ಒತ್ತಿ ಮತ ಕೊಡುವ ವಿದ್ಯುತ್ ಫಲಕವುಂಟು. ಸೆನೆಟ್ಟಿನಲ್ಲಾದರೋ ಕಾರ್ಯದರ್ಶಿ ಹೆಸರು ಹಿಡಿದು ಕೂಗುತ್ತಾನೆ. ಸದಸ್ಯನು ಹೌದು ಅಥವಾ ಅಲ್ಲ ಎನ್ನುತ್ತಾನೆ. ಅದು ಸಭೆಯ ದಾಖಲೆಯಲ್ಲಿ ಹೆಸರು ಸಮೇತ ನಮೂದಾಗುತ್ತದೆ. ಮಸೂದೆಯ ಅಂಗೀಕಾರಕ್ಕೆ ಹೀಗೆ ಹೆಸರು ಕರೆದೇ ಮತ ಪಡೆಯಬೇಕೆಂಬುದು ರಾಜ್ಯಾಂಗದ ವಿಧಿ. ಗದ್ದಲದ ನಡುವೆ ಧ್ವನಿಮತದಿಂದ ಮಸೂದೆ ಪಾಸಾಯಿತೆಂದು ಸಾರಲು ಅಲ್ಲಿ ಅವಕಾಶವಿಲ್ಲ.

ಸಾಮಾನ್ಯ ಮಸೂದೆಗೆ ಬೇಕಾದದ್ದು ೨೧ ಮತಗಳು. ಹಾಜರಿ ಎಷ್ಟೇ ಇರಲಿ, ಸ್ಥಾನಗಳು ಖಾಲಿಯೇ ಇರಲಿ, ಈ ೨೧ ಬದಲಾಗದು. ಮೂವತ್ತು ಮಂದಿ ಬಂದಿದ್ದಾರೆ, ಇಪ್ಪತ್ತು ಮಂದಿ ಹೌದೆಂದರು, ಹತ್ತು ಮಂದಿ ಅಲ್ಲವೆಂದರು ಎಂದಿಟ್ಟುಕೊಳ್ಳಿ. ಬಂದವರ ಪೈಕಿ ಮೂರರಲ್ಲಿ ಎರಡು ಪಾಲು ಒಪ್ಪಿದರೂ ಮಸೂದೆ ಬಿದ್ದುಹೋಗುತ್ತದೆ. ನಮ್ಮಲ್ಲಿ ಹಾಗಲ್ಲ. ಭಾರತದ ಸಂವಿಧಾನದ ೧೮೯ನೆಯ ಅನುಚ್ಛೇದದ ಪ್ರಕಾರ ರಾಜ್ಯದ ಸದನಗಳಲ್ಲಿ ಹಾಜರಿದ್ದು ಮತ ಕೊಟ್ಟವರ ಬಹುಮತವೇ ಸಾಕು. ೭೫ ಸದಸ್ಯರಿರುವ ಕರ್ನಾಟಕ ವಿಧಾನ ಪರಿಷತ್ತಿಗೆ ಹತ್ತು ಮಂದಿ ಸೇರಿದರೆ ಕೋರಂ ಆಗುತ್ತದೆ. ಅಂದಮೇಲೆ ಲೆಕ್ಕದ ಪ್ರಕಾರ ಐದಾರು ಮಂದಿಯೇ ಒಂದು ಮಸೂದೆಯನ್ನು ಅಂಗೀಕರಿಸಬಹುದು.

ಎರಡರಲ್ಲಿ ಯಾವುದು ಮೇಲು? ಗೈರುಹಾಜರಿಯಿಂದ ಶಾಸನ ಹುಟ್ಟಬಾರದೆಂಬುದು ಕ್ಯಾಲಿಫೋರ್ನಿಯದವರ ವಾದ, ಮೆಚ್ಚತಕ್ಕದ್ದೇ. ಆದರೆ ಅದರ ಇನ್ನೊಂದು ಮುಖವೂ ಉಂಟು. ಬಾರದವನ ಮೌನ ‘ಅಲ್ಲ’ ಎಂದದ್ದಕ್ಕೆ ಸಮನಾಗುವುದರಿಂದ, ಒಂದು ಮಸೂದೆಯನ್ನು ಕೊಲ್ಲಬೇಕೆಂದಿದ್ದು ಹಾಗೆ ಹೇಳಲು ಧೈರ್ಯವಿಲ್ಲದ ಸದಸ್ಯನು ಹೆಸರು ಕೂಗುವ ಹೊತ್ತಿಗೆ ಮೆಲ್ಲನೆ ಹೊರಗೆ ಎದ್ದುಹೋದರೆ ಸಾಕು. ವಿರೋಧಿಸಿದನೆಂಬ ಹೆಸರಿಲ್ಲ, ವಿರೋಧದ ಫಲವಂತೂ ಕೈಗೂಡಿತು. ನನ್ನ ಮಟ್ಟಿಗೆ, ಸಭೆಯಲ್ಲಿ ಕುಳಿತು ಅಲ್ಲವೆಂದವನೇ ಇವನಿಗಿಂತ ವಾಸಿ. ಇದಕ್ಕೆ ಅಲ್ಲಿ ಒಂದು ಮದ್ದೂ ಇದೆ. ಮತ ಸಾಲದೆಂದು ಕಂಡೊಡನೆ ಮಸೂದೆ ತಂದವನು ‘ಸೆನೆಟ್ಟಿನ ಕರೆ’ಯನ್ನು ಕೋರಬಹುದು. ಆಗ ಫಲಿತಾಂಶವನ್ನು ಸಾರದೆ ತಡೆಹಿಡಿದು, ಹೊರಗಿರುವವರನ್ನು ಕರೆತರಲು ಆಳು ಅಟ್ಟುತ್ತಾರೆ.

ಕೆಲವು ಮಸೂದೆಗಳಿಗೆ ೨೧ ಸಾಲದು; ಒಟ್ಟು ಸದಸ್ಯರ ಮೂರರಲ್ಲಿ ಎರಡು ಪಾಲು, ಎಂದರೆ ೨೭ ಮತಗಳು ಬೇಕು. ತತ್‌ಕ್ಷಣ ಜಾರಿಗೆ ಬರಬೇಕಾದ ತುರ್ತು ಶಾಸನಗಳು, ಗವರ್ನರನು ತಳ್ಳಿಹಾಕಿದ ಮಸೂದೆಗೆ ಮತ್ತೆ ಜೀವ ಕೊಡುವುದು, ೧೯೭೮ರಿಂದ ಈಚೆಗೆ ತೆರಿಗೆಯ ಹೆಚ್ಚಳ, ಇವೆಲ್ಲ ಈ ಗುಂಪಿಗೆ ಸೇರಿವೆ. ರಾಜ್ಯಾಂಗದ ತಿದ್ದುಪಡಿಗೂ ಅಷ್ಟೇ: ಸೆನೆಟ್ಟಿನಲ್ಲಿ ೨೭, ಅಸೆಂಬ್ಲಿಯಲ್ಲಿ ೫೪. ಆದರೆ ಅಲ್ಲಿಗೆ ಮುಗಿಯಲಿಲ್ಲ. ತಿದ್ದುಪಡಿಗೆ ಗವರ್ನರನ ಸಹಿ ಬೇಕಿಲ್ಲ. ಅದು ಅವನನ್ನು ದಾಟಿ ನೇರವಾಗಿ ಮತದಾರರ ಬಳಿಗೆ ಹೋಗುತ್ತದೆ. ಅಲ್ಲಿ ಮತ ಕೊಟ್ಟವರಲ್ಲಿ ಹೆಚ್ಚಿನವರು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ೩೬೮ನೆಯ ಅನುಚ್ಛೇದವು ಸಂಸತ್ತಿನ ಪ್ರತಿ ಸದನದಲ್ಲಿ ಒಟ್ಟು ಸದಸ್ಯರ ಬಹುಮತವನ್ನೂ, ಹಾಜರಿದ್ದು ಮತ ಕೊಟ್ಟವರ ಮೂರರಲ್ಲಿ ಎರಡು ಪಾಲನ್ನೂ ಕೇಳುತ್ತದೆ, ಕೆಲವು ವಿಷಯಗಳಲ್ಲಿ ಅರ್ಧದಷ್ಟು ರಾಜ್ಯಗಳ ಒಪ್ಪಿಗೆಯನ್ನೂ ಬಯಸುತ್ತದೆ. ಜನರ ನೇರ ಮತವನ್ನು ಮಾತ್ರ ಎಲ್ಲಿಯೂ ಕೇಳುವುದಿಲ್ಲ.

ಈ ೨೭ರ ಕಥೆಯನ್ನು ಹೇಳದೆ ಲೇಖನ ಪೂರ್ಣವಾಗದು. ೨೦೦೯ರ ಫೆಬ್ರವರಿ. ರಾಜ್ಯದ ಬೊಕ್ಕಸಕ್ಕೆ ಸುಮಾರು ೪,೨೦೦ ಕೋಟಿ ಡಾಲರುಗಳ ಕೊರತೆ. ಸರ್ಕಾರಿ ನೌಕರರಿಗೆ ತಿಂಗಳಿಗೆ ಎರಡು ದಿನ ಸಂಬಳವಿಲ್ಲದ ರಜೆ ಮೊದಲಾಗಿತ್ತು. ಹೆಚ್ಚಾಗಿ ಕಟ್ಟಿದ ತೆರಿಗೆಯನ್ನು ಜನರಿಗೆ ಹಿಂದಿರುಗಿಸುವುದೂ ತಡೆದಿತ್ತು. ಆಗ ಆಯವ್ಯಯಕ್ಕೂ ೨೭ ಮತಗಳೇ ಬೇಕಾಗಿದ್ದವು. ಸೆನೆಟ್ಟಿನಲ್ಲಿ ಡೆಮೊಕ್ರಾಟರು ೨೪ ಮಂದಿ, ರಿಪಬ್ಲಿಕನರು ೧೫ ಮಂದಿ, ಒಂದು ಸ್ಥಾನ ಖಾಲಿ. ಸ್ಥಾನ ಖಾಲಿಯಾದರೂ ೨೭ ಎಂಬುದು ಕದಲಲಿಲ್ಲ. ಎದುರು ಪಕ್ಷದಿಂದ ಮೂವರು ಬರಬೇಕು. ಇಬ್ಬರು ಒಪ್ಪಿದರು, ಮೂರನೆಯವನಿಲ್ಲ. ಸೆನೆಟ್ಟಿನ ನಾಯಕ ಡ್ಯಾರೆಲ್ ಸ್ಟೈನ್‌ಬರ್ಗ್ ಸದಸ್ಯರನ್ನು ಮನೆಗೆ ಬಿಡದೆ ರಾತ್ರಿ ಹಗಲು ಕೂರಿಸಿದನು. ಹಿರಿಯರು ಅಲ್ಲಲ್ಲಿಯೇ ತಲೆಯೂರಿ ನಿದ್ರಿಸಿದರು. ನಡುವೆ ರಿಪಬ್ಲಿಕನರು, ಒಪ್ಪಂದಕ್ಕೆ ಕೈಜೋಡಿಸಿದ ತಮ್ಮ ನಾಯಕ ಡೇವ್ ಕಾಗ್‌ಡಿಲ್‌ನನ್ನೇ ಮಧ್ಯರಾತ್ರಿಯ ಹೊತ್ತಿಗೆ ಪದವಿಯಿಂದ ಇಳಿಸಿದರು.

ಕಡೆಗೆ ಏಬಲ್ ಮಾಲ್ಡೊನಾಡೊ ಎಂಬ ಸೆನೆಟರು ಮುಂದೆ ಬಂದನು, ಬರಿಗೈಯಲ್ಲಲ್ಲ. ಪೆಟ್ರೋಲಿನ ಮೇಲೆ ಹಾಕಲಿದ್ದ ಹೊಸ ತೆರಿಗೆಯನ್ನು ಬಿಡಬೇಕು. ಕೊರತೆಯ ವರ್ಷಗಳಲ್ಲಿ ಶಾಸಕರ ವೇತನ ಏರಬಾರದು. ಪಕ್ಷಭೇದವಿಲ್ಲದೆ ಎಲ್ಲ ಅಭ್ಯರ್ಥಿಗಳೂ ಒಂದೇ ಪ್ರಾಥಮಿಕ ಚುನಾವಣೆಯಲ್ಲಿ ನಿಂತು ಮೊದಲ ಇಬ್ಬರು ಮಾತ್ರ ಮುಂದಿನ ಕಣಕ್ಕೆ ಹೋಗಬೇಕು. ಕಡೆಯ ಎರಡಕ್ಕೂ ರಾಜ್ಯಾಂಗದ ತಿದ್ದುಪಡಿಯೇ ಆಗಬೇಕು. ಎಲ್ಲಕ್ಕೂ ಒಪ್ಪಿಗೆ ದೊರೆಯಿತು. ೧೯ರ ಬೆಳಗಿನ ಜಾವ ಆಯವ್ಯಯಕ್ಕೆ ಇಪ್ಪತ್ತೇಳನೆಯ ಮತ ಬಿತ್ತು. ಒಬ್ಬನ ಮತಕ್ಕೆ ಇಷ್ಟು ಬೆಲೆ ಬಂದದ್ದು ಅವನ ಪ್ರತಿಭೆಯಿಂದಲ್ಲ, ರಾಜ್ಯಾಂಗದ ಗಣಿತದಿಂದ. ಅಲ್ಪಸಂಖ್ಯಾತ ಪಕ್ಷದ ರಕ್ಷಣೆಗೆಂದು ಕಟ್ಟಿದ ಗೋಡೆ ಹೀಗೆ ಒಬ್ಬನ ಸುಂಕದಕಟ್ಟೆಯೂ ಆಗಬಲ್ಲದು. ಆದರೂ ಅವನು ಕೇಳಿದ್ದು ಸ್ವಂತಕ್ಕಲ್ಲವೆಂದು ವಾದಿಸುವವರುಂಟು. ಜನರೂ ಅವನ ಎರಡು ತಿದ್ದುಪಡಿಗಳನ್ನು ಒಪ್ಪಿದರೆಂಬುದು ಆ ವಾದಕ್ಕೆ ಬಲ ಕೊಡುತ್ತದೆ. ೨೦೦೯ರ ಮೇ ೧೯ರಂದು ಮತದಾರರ ಮುಂದೆ ಬಂದ ಆರು ಪ್ರಸ್ತಾಪಗಳಲ್ಲಿ ಐದು ಬಿದ್ದುಹೋದವು. ಗೆದ್ದದ್ದು ವೇತನಕ್ಕೆ ಸಂಬಂಧಪಟ್ಟ ಒಂದೇ. ಪ್ರಾಥಮಿಕ ಚುನಾವಣೆಯ ತಿದ್ದುಪಡಿ ೨೦೧೦ರ ಜೂನಿನಲ್ಲಿ ಗೆದ್ದಿತು. ಆ ವೇಳೆಗೆ ಮಾಲ್ಡೊನಾಡೊ ಲೆಫ್ಟಿನೆಂಟ್ ಗವರ್ನರನಾಗಿ ನೇಮಕಗೊಂಡಿದ್ದನು. ಆ ಪದವಿಯಲ್ಲಿರುವವನೇ ಸೆನೆಟ್ಟಿನ ಅಧ್ಯಕ್ಷ. ಆದರೆ ಸಮಮತ ಬಂದಾಗಲಲ್ಲದೆ ಅವನಿಗೆ ಮತವಿಲ್ಲ!

ಅದೇ ವರ್ಷದ ನವೆಂಬರಿನಲ್ಲಿ ಜನರು ಮತ್ತೆ ತಿದ್ದುಪಡಿ ಮಾಡಿ, ಆಯವ್ಯಯಕ್ಕೆ ೨೧ ಮತಗಳೇ ಸಾಕೆಂದರು. ಜೂನ್ ೧೫ರೊಳಗೆ ಆಯವ್ಯಯವನ್ನು ಅಂಗೀಕರಿಸದಿದ್ದರೆ ತಡವಾದ ದಿನಗಳ ಸಂಬಳ ಶಾಸಕರಿಗೆ ಸಿಗಕೂಡದೆಂದೂ ಸೇರಿಸಿದರು. ತೆರಿಗೆಯನ್ನು ಏರಿಸಲು ಮಾತ್ರ ಇಂದಿಗೂ ೨೭ ಮತಗಳೇ ಬೇಕು.