ತುಕ್ಕು ನೋಡಿ ಮರುಳಾಗಬೇಡಿ

ಮಾನೇಸರ್‌ನ ಕಾರ್ಖಾನೆಗಳಲ್ಲಿ ವಾರವಿಡೀ ದುಡಿದು, ಭಾನುವಾರ ದೆಹಲಿಯ ಹಳೇ ಸಾಮಾನಿನ ಸಂತೆಗೆ ಓಡುವ ನಮ್ಮ ಕನ್ನಡದ ಹುಡುಗರಿಗೆ ಒಂದು ಮಾತು. ತುಕ್ಕು ಹಿಡಿದ ಉಕ್ಕಿನ ಟೋಪಿಯನ್ನೆಲ್ಲ ಮಹಾಯುದ್ಧದ್ದು ಅಂದುಕೊಳ್ಳಬೇಡಿ. ಉಪ್ಪುನೀರು ಚಿಮುಕಿಸಿದರೆ ತುಕ್ಕು ವಾರದಲ್ಲೇ ಬರುತ್ತದೆ. ನಾನೂ ಒಮ್ಮೆ ಅಂಥ ತುಕ್ಕಿಗೆ ದುಡ್ಡು ತೆತ್ತವನೇ.

ಜೇಬಿನಲ್ಲಿ ಪುಟ್ಟ ಅಯಸ್ಕಾಂತ ಇರಲಿ. 1915ರಲ್ಲಿ ಬಂದ ಬ್ರಿಟಿಷರ ಬ್ರೋಡಿ ಹೆಲ್ಮೆಟ್ ಬೇಗನೆ ಮ್ಯಾಂಗನೀಸ್ ಉಕ್ಕಿಗೆ ತಿರುಗಿತು. ಅದರ ಮೈಗೆ ಅಯಸ್ಕಾಂತ ಕಚ್ಚುವುದಿಲ್ಲ. 1916ರಿಂದ ಅಂಚಿಗೆ ಕೂರಿಸಿದ ಪಟ್ಟಿಗೆ ಕಚ್ಚಿದರೆ ಗಾಬರಿ ಬೇಡ, ಅದು ಮೆದು ಉಕ್ಕು. ಜರ್ಮನರ ಮೊನೆ ಟೋಪಿ, ಅದೇ ಪಿಕೆಲ್‌ಹೌಬೆ, ಫಳಫಳ ಹೊಳೆಯುತ್ತಿದ್ದರೆ ಸುಮ್ಮನೆ ಮುಂದೆ ನಡೆಯಿರಿ. ಅದರ ನಕಲುಗಳು ನಮ್ಮ ದೇಶದಲ್ಲೇ ತಯಾರಾಗುತ್ತವೆ.

ಸಿಕ್ಕಿದ್ದು ಅಸಲಿಯೇ ಆದರೆ ಮನೆಗೆ ತಂದ ದಿನವೇ ಉಜ್ಜಿ ಬಣ್ಣ ಕೀಳಬೇಡಿ, ಬೆಲೆಯೆಲ್ಲ ಆ ಬಣ್ಣದಲ್ಲೇ ಇದೆ. ಮಗುವಿನ ತಲೆಗಿಟ್ಟು ಫೋಟೋ ತೆಗೆಯುವುದಂತೂ ಬೇಡವೇ ಬೇಡ: ಅನೇಕ ಬ್ರೋಡಿಗಳ ಒಳಪದರದಲ್ಲಿ ಆಸ್ಬೆಸ್ಟಾಸ್ ಇದೆ. ಇನ್ನು, ನೂರು ವರ್ಷ ದಾಟಿದ್ದನ್ನು ಅಮೆರಿಕದ ಅಣ್ಣನಿಗೆ ಪಾರ್ಸೆಲ್ ಮಾಡುವ ಯೋಚನೆಯಿದ್ದರೆ, 1972ರ ಪ್ರಾಚ್ಯವಸ್ತು ಕಾಯ್ದೆ ಏನೆನ್ನುತ್ತದೆಂದು ಮೊದಲು ಬಲ್ಲವರನ್ನು ಕೇಳಿಕೊಳ್ಳಿ.